ದೂತರಿಗೊಂದು ಭಾಷೆ

"ಅಲ್ಲೇ ನಿಂದರ್ರಿ! ವೈರ್ ತುಳೀಬ್ಯಾಡ್ರಿ... ನಮ್ಮ ದೂತ ಹೊಂಟಾನ!"

ಸಿಂದಗಿಯ ಕಂಪ್ಯೂಟರ್ ಕ್ಲಾಸಿಗೆ ಹೊಸದಾಗಿ ಪಾಠ ಹೇಳಲು ಬಂದ ಸಿದ್ದಾರೂಢ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ. ಕೂಗಿದ ಪ್ರಿಯದರ್ಶಿನಿ ತಿರುಗಿ ನೋಡಿದಳು. ಕಣ್ಣು ಕಣ್ಣು ಕೂಡಿದವು. ಅಷ್ಟರಲ್ಲಿ ಇಂಟರ್ನೆಟ್ಟಿನ ಫೋನ್ ಲೈನು ಕಟ್ಟಾಯಿತು!

"ದೂತ ಸತ್ತನೇನ್ರಿ?" ಎಂದ ಸಿದ್ದಾರೂಢ.

"ಇಲ್ರಿ. ಬ್ಯಾರೆ ದಾರಿ ಹುಡುಕಾಕತ್ತಾನ."

ಅದು 2002. ದೂತನೆಂದರೆ ಒಂದು ಪುಟ್ಟ ಪ್ರೋಗ್ರಾಂ. ಇಂಟರ್ನೆಟ್ಟಿನಲ್ಲಿ ತಾನೇ ಓಡಾಡಿ, ಪರಿಸ್ಥಿತಿ ಬದಲಾದರೆ ತಾನೂ ಬದಲಾಗಿ, ಕೆಲಸ ಮುಗಿಸಿಕೊಂಡು ಬರಬೇಕು. ಅಂಥ ದೂತರನ್ನು ಬರೆಯಲೆಂದೇ ಒಂದು ಹೊಸ ಕಂಪ್ಯೂಟರ್ ಭಾಷೆ ಕಟ್ಟುವುದು ಅಲ್ಲಿ ಕಲಿಸುತ್ತಿದ್ದ ಪ್ರಿಯದರ್ಶಿನಿಯ ಕನಸು. ಇಂಗಳೇಶ್ವರದ ಈ ಹುಡುಗ ಆ ಕನಸಿನೊಳಗೆ ಬಿದ್ದೇಬಿಟ್ಟ. ಜಗಳವಿಲ್ಲದೆ ಒಂದು ನಿಯಮವೂ ಮುಗಿಯುತ್ತಿರಲಿಲ್ಲ.

"ಒಬ್ಬ ದೂತ ಕೇಳಿದ, ಇನ್ನೊಬ್ಬ ಉತ್ತರಾನ ಕೊಡ್ಲಿಲ್ಲ. ಆವಾಗ?"

"ಒಪ್ಪಿದಂಗ ಅಂತ ತಿಳ್ಕೊಂಡು ಮುಂದ ಹೋಗ್ಲಿ ಬಿಡ್ರಿ."

"ಛೇ! ಸುಮ್ನಿದ್ರ ಒಪ್ಪಿದಂಗೇನ್ರಿ?"

ಅವನು ನಕ್ಕು ಅವಳ ಮಾತನ್ನೇ ನಿಯಮ ಮಾಡಿದ. ಆ ಸಂಜೆ ಮನೆಗೆ ಹೋಗುವಾಗ ಅವಳ ಕಾಲು ನೆಲಕ್ಕೆ ತಾಕಲಿಲ್ಲ. ತಂತಿಗಳಾಚೆ ಎಲ್ಲೋ ತನ್ನ ದೂತ, ಅವನ ದೂತ ಕೂಡಿಯೇ ಅಲೆಯುತ್ತಿರಬಹುದೇ... ಅಯ್ಯೋ, ಹುಚ್ಚಿ!

ಆ ವಾರವೇ ಇಂಡಿ ಊರಿನಿಂದ ಗಂಡಿನ ಕಡೆಯವರು ಕನ್ಯೆ ನೋಡಲು ಬಂದರು.

"ಒಪ್ಪಿಗೆ ಏನವ್ವಾ?" ಅಪ್ಪ ಕೇಳಿದ. ಅಷ್ಟು ಹಿರಿಯರ ಮುಂದೆ ಅವಳಿಗೆ ಬಾಯೇ ಬರಲಿಲ್ಲ.

"ಸುಮ್ನಾದ್ಲು ಅಂದ್ರ ಒಪ್ಪಿದ್ಲು!" ಎಂದು ಅವಳ ಸೋದರತ್ತೆ ಶೆಟ್ಟೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕಂಪ್ಯೂಟರ್ ಕ್ಲಾಸಿಗೂ ಒಂದು ಮುಷ್ಟಿ ಹೋಯಿತು.

ಸಿದ್ದಾರೂಢ ಸಕ್ಕರೆ ಬಾಯಿಗೆ ಹಾಕಿಕೊಂಡು ಊರಿಗೆ ಹೋದವನು ಮತ್ತೆ ಬರಲಿಲ್ಲ. ಎಂಥ ಜಾಣ ನೋಡಿ!

ಎಷ್ಟು ದಿನ ಕಾಯುವುದು? ನಿಶ್ಚಯದ ದಿನ ಬೆಳಗ್ಗೆ ಪ್ರಿಯದರ್ಶಿನಿ ಇಂಗಳೇಶ್ವರದಲ್ಲಿ ಬಸ್ಸು ಇಳಿದಳು. ಮನೆಯ ಕಟ್ಟೆಯ ಮೇಲಿದ್ದವನು ಗಾಬರಿಯಿಂದ ಎದ್ದು ನಿಂತ.

"ಸಕ್ಕರಿ ಸಿಹಿ ಇತ್ತೇನ್ರಿ?"

"ನೀವು... ಒಪ್ಪೀರಿ ಅಂದ್ರು."

"ಯಾರಂದ್ರು? ನಾ ಅಂದೆನೇನು?" ಅವಳ ಕಣ್ಣು ತುಂಬಿದವು. "ನೀವರ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

"ಅಂಜಿಕಿ ಆತ್ರಿ. ಹೌದು ಅಂತ ನಿಮ್ಮ ಬಾಯಿಂದ ಕೇಳೋ ಧೈರ್ಯ ಇರ್ಲಿಲ್ಲ..." ಅವನು ಕಟ್ಟೆ ಇಳಿದು ಬಂದ. "ನನಗ ನೀವಂದ್ರ ಜೀವ ಐತ್ರಿ."

ಇಷ್ಟು ಹೇಳಲು ಇಷ್ಟು ದಿನ! ಅವಳು ಅಳುತ್ತಲೇ ನಕ್ಕಳು.

"ಹಂಗಾರ ನಡೀರಿ ನಮ್ಮ ಮನಿಗಿ. ಸಂಜಿಗಿ ಎಲ್ಲಾರೂ ಕೂಡ್ತಾರ. ಅವರ ಮುಂದ ನಾನ ಮಾತಾಡ್ತೇನಿ."

"ಏನಂತ?"

"ಇವರ ಬೇಕು ನನಗ ಅಂತ."

"...ಇನ್ನೊಮ್ಮಿ ಹೇಳ್ರಿ."

"ಅಲ್ಲೇ ಕೇಳೀರಂತ, ನಡೀರಿ. ಬಸ್ಸು ಹೊಂಟೈತಿ!"