ಎಂಟರ್ ಒತ್ತುವ ಮುನ್ನ

"ಎಂಟರ್ ಒತ್ತಬೇಡಿ!"

ಅವಳ ಬೆರಳು ಕೀಲಿಮಣೆ ಮುಟ್ಟುವಷ್ಟರಲ್ಲಿ ಅವನು ಮಣಿಕಟ್ಟು ಹಿಡಿದುಬಿಟ್ಟಿದ್ದ. ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ ಅವಳದು ಮೊದಲ ದಿನ. ಬಾಗಿಲಲ್ಲಿ ಮೇಲಧಿಕಾರಿ ಬೇರೆ ನಿಂತಿದ್ದರು. ಅವಳ ಪಿತ್ತ ನೆತ್ತಿಗೇರಿತು.

ಸಿಕ್ಕಿಕೊಂಡಿದ್ದ, ಲ್ಯಾಬ್ ವರದಿ ಕಳಿಸುವ ಪ್ರೋಗ್ರಾಂ ನಿಲ್ಲಿಸಲು ಆಜ್ಞೆ ಬರೆದಿದ್ದಳು, ಅಷ್ಟೇ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಎಂಟು ವರ್ಷ ಪಳಗಿದ ಕೈ ಅದು! ಅವನು ಆ ಸಾಲನ್ನು ಅಳಿಸಿ, ಬೇರೇನೋ ಬರೆದು, ಕಾರಣ ಹೇಳದೆ ಎದ್ದುಹೋದ. ನರ್ಸ್‌ಗಳು ಅವನನ್ನು ಸುಮ್ಮನೆ 'ಮೌನಿ ಸಾಹೇಬ' ಎನ್ನುತ್ತಿರಲಿಲ್ಲ.

ಅವನು ವರ್ಷಗಟ್ಟಲೆ ನೋಡಿಕೊಂಡಿದ್ದ ಇಲ್ಲಿನ ಹಳೆಯ ವ್ಯವಸ್ಥೆ ಯುನಿಕ್ಸ್ ತೆಗೆದು ಲಿನಕ್ಸ್ ತರಲೆಂದೇ ಅವಳನ್ನು ಕರೆಸಿದ್ದರು. ಹೊಟ್ಟೆಕಿಚ್ಚು, ಇನ್ನೇನು! ಹಾಗಂದುಕೊಂಡು ದೂರು ಬರೆದುಕೊಟ್ಟಳು. ನೆಪಕ್ಕೇ ಕಾದಿದ್ದವರಂತೆ ಮೇಲಧಿಕಾರಿ, ಮೂರು ವಾರದಲ್ಲಿ ಎಲ್ಲವನ್ನೂ ಅವಳಿಗೆ ಒಪ್ಪಿಸಿ ಹೊರಡು ಎಂದು ಅವನಿಗೆ ಹೇಳಿದರು.

ಆ ಮೂರು ವಾರ... ಅವನು ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಯುನಿಕ್ಸ್, ಲಿನಕ್ಸ್ ಎರಡೂ ದಾಯಾದಿಗಳ ಹಾಗೆ, ಮುಖ ಒಂದೇ, ಗುಣ ಬೇರೆ ಎನ್ನುತ್ತ ಕಲಿಸಿದ. ಎಸಿಯ ಚಳಿಗೆ ಅವಳು ಸೀನಿದರೆ ತನ್ನ ಸ್ವೆಟರ್ ಅವಳ ಕುರ್ಚಿಯ ಮೇಲಿಟ್ಟು ಆಚೆ ಹೋಗುತ್ತಿದ್ದ. ಅವಳ ಮನಸ್ಸು ಎಂದೋ ಸೋತಿತ್ತು. ದೂರು ಹಿಂತೆಗೆಯಲು ಮಾತ್ರ ಬಿಗುಮಾನ ಬಿಡಲಿಲ್ಲ.

ಇಂದು ಅವನ ಕೊನೆಯ ದಿನ. ಒಂದು ನೋಟ್‌ಬುಕ್ ಅವಳ ಮೇಜಿನ ಮೇಲಿಟ್ಟು, ಬರ್ತೀನಿ ಎಂದಷ್ಟೇ ಹೇಳಿ ಹೊರಟ.

ಅವನು ಆಚೆ ಹೋದದ್ದೇ ತಡ, ಅದೇ ಪ್ರೋಗ್ರಾಂ ಮತ್ತೆ ಸಿಕ್ಕಿಕೊಂಡಿತು. ಮೇಲಿನ ಮಹಡಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ರಕ್ತದ ವರದಿ ಎಲ್ಲಿ ಎಂದು ಫೋನ್ ಮೇಲೆ ಫೋನ್! ಅವಳ ಬೆರಳುಗಳು ತಾವಾಗಿಯೇ ಅದೇ ಆಜ್ಞೆ ಬರೆದವು. ಎಂಟರ್ ಮೇಲೆ ಬೆರಳು ಬಂದಾಗ ಅಂದು ಅವನು ಹಿಡಿದದ್ದು ನೆನಪಾಯಿತು. ನೋಟ್‌ಬುಕ್ ತೆರೆದಳು.

ಮೊದಲ ಪುಟದಲ್ಲೇ ಆ ಆಜ್ಞೆ ಇತ್ತು. 'ಲಿನಕ್ಸ್‌ನಲ್ಲಿ ಇದು ಹೆಸರು ಹೇಳಿದ ಪ್ರೋಗ್ರಾಂ ಒಂದನ್ನೇ ನಿಲ್ಲಿಸುತ್ತದೆ. ಇಲ್ಲಿ ಓಡುತ್ತಿರುವುದೆಲ್ಲ ನಿಂತುಹೋಗುತ್ತದೆ. ನಾನೂ ಒಮ್ಮೆ ಒತ್ತಿದ್ದೇನೆ.' ಕೆಳಗೆ ಸರಿಯಾದ ಆಜ್ಞೆ.

ಅಂದು ಒತ್ತಿದ್ದರೆ ಇಡೀ ಆಸ್ಪತ್ರೆಯ ಕೆಲಸವೇ ನಿಲ್ಲುತ್ತಿತ್ತು. ಅವನು ಬರೆದಂತೆಯೇ ಮಾಡಿ, ವರದಿ ಮೇಲೆ ತಲುಪಿತೆಂದು ಖಚಿತವಾದ ಮೇಲೆ ಮೇಲಧಿಕಾರಿಯ ಬಳಿ ಓಡಿದಳು. ತಪ್ಪು ತನ್ನದು, ತೆಗೆಯುವುದಾದರೆ ತನ್ನನ್ನೇ ತೆಗೆಯಿರಿ ಎಂದಳು. ಅವರು, ಮೊದಲು ಅವನನ್ನು ಕರೆದುಕೊಂಡು ಬಾ ಎಂದರು.

ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದ ಅವನು ಸಿಕ್ಕ.

"ಅವತ್ತೇ ಯಾಕೆ ಹೇಳ್ಲಿಲ್ಲ?" ಅವಳಿಗೆ ಏದುಸಿರು.

"ಸಾಹೇಬ್ರು ಅಲ್ಲೇ ಇದ್ರು. ಹೇಳಿದ್ರೆ ನಿಮ್ಮನ್ನ ಅವತ್ತೇ ಕಳಿಸ್ತಿದ್ರು."

"ಆಮೇಲಾದ್ರೂ..."

"ಆಮೇಲೆ ಹೇಳಿದ್ರೆ, ಕೆಲಸ ಉಳಿಸ್ಕೊಳ್ಳೋಕೆ ಹೇಳಿದ ಹಾಗಾಗ್ತಿತ್ತು."

"ನಾನು ಹೋದ್ರೆ ನಿಮಗೇನು?"

ಅವನು ನೆಲ ನೋಡಿದ. "ಅವತ್ತು ಏನೂ ಇರ್ಲಿಲ್ಲ. ಈಗ... ನೀವಿಲ್ದೆ ಇರೋದು ಕಷ್ಟ ಅನ್ಸುತ್ತೆ."

ಅವಳ ಕಣ್ಣು ತುಂಬಿ ಬಂತು. ಮೆಲ್ಲಗೆ ಕೈ ಮುಂದೆ ಚಾಚಿದಳು.

"ಇನ್ನೊಂದ್ಸಲ ಹಿಡ್ಕೊಳ್ಳಿ."

"ಈಗೇನು ಒತ್ತೋಕೆ ಹೊರಟಿದ್ದೀರಿ?"

"ಏನೂ ಇಲ್ಲ. ಈ ಸಲ ಬಿಡಬೇಡಿ, ಅಷ್ಟೇ."