ಒಡೆಯರ ಪದಕದ ಹರಳು

ಹಂಸದುರ್ಗದ ಕರಿಗಲ್ಲಿನ ಕೋಟೆಯ ಮೇಲೆ ಬೆಳಗಿನ ನೌಬತ್ತು ಮೊಳಗಿ, ರಾಜಬೀದಿಯ ಅಕ್ಕಸಾಲಿಗರ ಕುಲುಮೆಗಳು ಹೊಗೆಯಾಡತೊಡಗಿ, ಆನೆಬಾಗಿಲಿನಲ್ಲಿ ಪರಂಗಿಯವರ ಹೊಸ ತೋಪುಗಳನ್ನು ನೋಡಲು ಜನ ಮುಗಿಬಿದ್ದಿದ್ದ ಹೊತ್ತಿನಲ್ಲಿ, ಹರಳು ಕೆತ್ತುವ ಮಾನಪ್ಪಾಚಾರಿಯನ್ನು ಹೆಡೆಮುರಿ ಕಟ್ಟಿ ಅರಮನೆಗೆ ಎಳೆತಂದರು.

ಕಾರಣ ಅವನಿಗೆ ಗೊತ್ತಿತ್ತು. ಅರಸರಾದ ಇಮ್ಮಡಿ ಬೊಮ್ಮರಸರಿಗೆ ದೂರದ ಗುಡ್ಡದ ಮೇಲಿನ ಕುದುರೆ ಕಾಣುತ್ತಿತ್ತು, ಕೈಯಲ್ಲಿದ್ದ ಕಾಗದದ ಅಕ್ಷರ ಕಾಣುತ್ತಿರಲಿಲ್ಲ. ಅಂಗಹೀನನು ಸಿಂಹಾಸನವೇರಬಾರದೆಂಬುದು ಆ ವಂಶದ ಕಟ್ಟಳೆ. ಕನ್ನಡಕ ಧರಿಸಿದ ದಿನವೇ ಪಟ್ಟ ಹಸುಳೆ ಕುಮಾರನಿಗೆ, ಅಧಿಕಾರ ದಳವಾಯಿ ಭುಜಂಗಯ್ಯನಿಗೆ. ಆ ಭುಜಂಗಯ್ಯನೋ, ಕೋಟೆಯನ್ನು ಶತ್ರುವಿಗೆ ಒಪ್ಪಿಸಲು ಒಳಗೊಳಗೇ ಮಾತು ಮುಗಿಸಿದ್ದ ಮಹಾನುಭಾವ! ಅದಕ್ಕೇ ಮಾನಪ್ಪಾಚಾರಿ, ಪುದುಚೇರಿಯ ಫ್ರೆಂಚನೊಬ್ಬನಿಂದ ಕಲಿತ ವಿದ್ಯೆಯಿಂದ, ಸ್ಫಟಿಕವನ್ನು ಒಂದು ಬದಿ ಉಬ್ಬುವಂತೆ ಸಾಣೆ ಹಿಡಿದು ಪದಕದಲ್ಲಿ ಕೂರಿಸಿಕೊಟ್ಟಿದ್ದ. ಕಾಗದ ಗಾಳಿಗೆ ಹಾರದಿರಲೆಂಬಂತೆ ಅರಸರು ಅದನ್ನು ಮೇಲಿಡುವರು. ಕೆಳಗಿನ ಅಕ್ಷರ ಹಿಗ್ಗಿ ಕಾಣುವುದು.

ಈಗ ಅರಸರ ಎದುರಿಗೇ, ನೆರೆದ ಓಲಗದಲ್ಲಿ, ಪರೀಕ್ಷಿಸುವ ನೆಪದಲ್ಲಿ ಕೇಳಿ ಪಡೆದ ಆ ಪದಕ ದಳವಾಯಿಯ ಕೈಯಲ್ಲಿತ್ತು.

"ಏನೋ ಆಚಾರಿ, ಇದು ಒಡೆಯರ ಕಣ್ಣಿಗೆಂದು ಮಾಡಿದ್ದಲ್ಲವೇ? ನಿಜ ಹೇಳು."

ಮಾನಪ್ಪಾಚಾರಿ ತಲೆ ತಗ್ಗಿಸಿದ. "ಅಲ್ಲ ಬುದ್ಧಿ. ವಜ್ರ ಕೂರಿಸು ಎಂದು ಮಹಾಪ್ರಭುಗಳು ಕಲ್ಲು ಕೊಟ್ಟಿದ್ದರು. ಅದನ್ನು ನಾನು ನುಂಗಿ, ಬರೀ ಸ್ಫಟಿಕ ಕೂರಿಸಿದೆ. ಒಡೆಯರಿಗೆ ಇದೇನೂ ತಿಳಿಯದು."

ಸಭೆ ಛೀ ಎಂದಿತು. ಏಳು ತಲೆಮಾರು ಕಾಪಾಡಿಕೊಂಡು ಬಂದ ಹೆಸರು ಒಂದೇ ಮಾತಿಗೆ ಮಣ್ಣುಪಾಲಾಯಿತು.

ಭುಜಂಗಯ್ಯ ನಸುನಕ್ಕ. ಸುಳ್ಳೆಂದು ಅವನಿಗೆ ಗೊತ್ತು. ಆದರೆ ಸುಳ್ಳನ್ನು ಬಯಲಿಗೆಳೆಯುವುದಕ್ಕಿಂತ ಒಳ್ಳೆಯ ಬಲೆ ಅವನ ಬಳಿಯಿತ್ತು. "ಹಾಗಾದರೆ ಇದು ಕಾಸಿಗೆ ಬಾರದ ಕಲ್ಲು. ಕಳ್ಳ ಅಕ್ಕಸಾಲಿಗನಿಗೆ ಬಲಗೈ ಹೆಬ್ಬೆರಳೇ ದಂಡ" ಎಂದು ಸಾರಿ, ಅಲ್ಲೇ ತೀರ್ಪು ಬರೆಸಿ, ತಲೆಬಾಗಿ ಅರಸರ ಮುಂದಿಟ್ಟ. "ಅಂಗಚ್ಛೇದದ ತೀರ್ಪನ್ನು ಅರಸರೇ ಓದಬೇಕು, ಆ ಪಾಪ ಕರಣಿಕನಿಗೆ ತಟ್ಟಬಾರದು ಎಂಬುದು ಸಂಪ್ರದಾಯ. ಓದಬೇಕು, ಮಹಾಪ್ರಭು."

ಬೊಮ್ಮರಸರ ಕೈ ಅಭ್ಯಾಸಬಲದಿಂದ ಎದೆಯ ಪದಕವನ್ನು ತಡಕಿ, ಬರಿದಾಗಿ ಇಳಿಯಿತು.

"ಒಂದು ಬಿನ್ನಹ" ಎಂದ ಮಾನಪ್ಪಾಚಾರಿ. "ಮೋಸದ ಮಾಲು ಕೊಂಡವರ ಕೈಗೆ ಮರಳಿದ ಮೇಲೆಯೇ ದಂಡ ತೀರಿಸುವುದು ನಮ್ಮ ಕುಲದ ನಡತೆ. ಅಷ್ಟಾದರೂ ನಡೆಸಿಕೊಡಿ."

"ಅದು ಸಾಕ್ಷಿಯ ವಸ್ತು!" ಎಂದ ದಳವಾಯಿ.

"ಕಾಸಿಗೆ ಬಾರದ ಕಲ್ಲೆಂದು ತಾವೇ ಅಪ್ಪಣೆ ಕೊಡಿಸಿದಿರಲ್ಲ" ಎಂದರು ವೃದ್ಧ ರಾಜಪುರೋಹಿತರು. "ಕೊಡಿ. ಅದು ನ್ಯಾಯ." ತುಂಬಿದ ಸಭೆಯಲ್ಲಿ ತಾನೇ ಆಡಿದ ಮಾತಾದ್ದರಿಂದ ಭುಜಂಗಯ್ಯ ಹಲ್ಲು ಕಚ್ಚಿಕೊಂಡು ಪದಕವನ್ನು ಅರಸರಿಗೆ ಕೊಟ್ಟ.

ಅರಸರು ಹರಳನ್ನು ಕಾಗದದ ಮೇಲಿಟ್ಟು ಮೆಲ್ಲನೆ ಸರಿಸುತ್ತ ಓದತೊಡಗಿದರು. 'ಬಲಗೈ' ಎಂಬಲ್ಲಿಗೆ ಬಂದು ನಿಂತರು. ಕಾಣದೆ ತಡವರಿಸಿದರೆಂದು ದಳವಾಯಿಯ ಮುಖ ಅರಳಿತು. ಕಂಡದ್ದರಿಂದಲೇ ನಿಂತರೆಂಬುದು ಮಾನಪ್ಪಾಚಾರಿಯೊಬ್ಬನಿಗೇ ಗೊತ್ತು. ಕ್ಷಮಿಸಿದರೆ ಓದಲಾರದೆ ತಪ್ಪಿಸಿಕೊಂಡರೆಂದು ಗುಟ್ಟು ರಟ್ಟಾಗುತ್ತದೆ, ರಟ್ಟಾದರೆ ಕೋಟೆ ಹೋಗುತ್ತದೆ. ಅರಸರು ತಲೆಯೆತ್ತಿ ಅವನನ್ನು ನೋಡಿದರು. ಅವನು ಕಣ್ಣಿನಲ್ಲೇ ಬೇಡಿಕೊಂಡ: ಓದಿ, ನನ್ನೊಡೆಯ, ಓದಿಬಿಡಿ.

"ಹೆಬ್ಬೆರಳನ್ನು ಛೇದಿಸತಕ್ಕದ್ದು" ಎಂದು ಓದಿದರು ಬೊಮ್ಮರಸರು. ಒಂದಕ್ಷರವೂ ತಪ್ಪಲಿಲ್ಲ. ಭುಜಂಗಯ್ಯನ ಮುಖ ಕಪ್ಪಿಟ್ಟಿತು.

ಭಟರು ಕಟ್ಟು ಬಿಚ್ಚಿದಾಗ ಮಾನಪ್ಪಾಚಾರಿ ತಾನಾಗಿಯೇ ಹೋಗಿ ಹಲಗೆಯ ಮೇಲೆ ಕೈಯಿಟ್ಟ. ಕತ್ತಿ ಮೇಲೇಳುವುದನ್ನು ನೋಡಲೇಬೇಕಾಗಿದ್ದ ಅರಸರು ಮುಖ ತಿರುಗಿಸದೆ ನೋಡುತ್ತಲೇ ಕುಳಿತರು. ದೂರದ್ದೆಲ್ಲ ಆ ಕಣ್ಣಿಗೆ ಎಂದಿನಂತೆ ಸ್ಪಷ್ಟವಾಗಿ ಕಾಣುತ್ತಿತ್ತು.