ಕೆಜಾಯಾಳ ಮೇಲಿನ ಏಳು ಕಲ್ಲು

ಕೆಂಟಕಿಯ ನಮ್ಮ ಗುಡ್ಡದ ಮೇಲೆ ರಸ್ತೆ ಬರುವುದಿತ್ತು. ಕಾಡು ಕಡಿದು ಅಲ್ಲಿ ಮೊದಲು ನೆಲೆಸಿದ ಕೆಜಾಯಾಳ ಸಮಾಧಿ ಅದೇ ದಾರಿಯಲ್ಲಿತ್ತು. ನಾವು ಅವಳ ವಂಶದವರೆಂದು ದಾಖಲೆ ತೋರಿಸಿದರೆ ಸಮಾಧಿಯನ್ನು ಬೇರೆಡೆ ಸಾಗಿಸುತ್ತಾರೆ, ಇಲ್ಲದಿದ್ದರೆ ಅವಳ ಮೇಲೆಯೇ ಡಾಂಬರು.

ವರ್ಡಿ ಅತ್ತೆ ಮನೆತನದ ಹಳೆಯ ಬೈಬಲ್ ತಂದು ಒಲೆಯ ಪಕ್ಕ ಇಟ್ಟಳು. ಹುಟ್ಟು ಸಾವು ಬರೆದಿಟ್ಟ ಹಾಳೆ ಅಲ್ಲಿಯೂ ತಣ್ಣಗೇ ಇತ್ತು. ಹಸಿ ಮಣ್ಣಿನ ವಾಸನೆ ಬರುತ್ತಿತ್ತು.

ಕೆಜಾಯಾಳ ಗಂಡ ಬರೆದಿದ್ದ: ‘೧೭೯೧, ನವೆಂಬರ್. ಹೆಂಡತಿ ತೀರಿಕೊಂಡಳು. ತೋಳಗಳು ಬಗೆಯದಂತೆ ಏಳು ಕಲ್ಲು ಹೇರಿದೆ.’ ಕೆಳಗೆ ಬೇರೆ ಕೈಬರಹ: ‘೧೭೯೪. ನನ್ನ ಮಗ ಏಸಾ ಹುಟ್ಟಿದ. ಕೆಜಾಯಾ.’

"ಅತ್ತೆ, ಸತ್ತು ಮೂರು ವರ್ಷಕ್ಕೆ ಹೆತ್ತಿದ್ದಾಳೆ."

"ಅದಕ್ಕೇ ಸ್ಕೂಲು ಬಿಡ್ಬೇಡ ಅಂದಿದ್ದು ಕಣೇ. ಸರಿಯಾಗಿ ಓದು!"

ಅವಳೇ ಓದಿದಳು. ಆಮೇಲೆ ನನ್ನನ್ನು ಬೈಯಲಿಲ್ಲ. ನಾವು ಆ ಏಸಾನ ವಂಶದವರು. ಅತ್ತೆ ಅರ್ಜಿಗೆ ಸಹಿ ಹಾಕಿದಳು.

ಅಗೆಯುವ ಬೆಳಿಗ್ಗೆ ಗುಡ್ಡವೆಲ್ಲ ಹಿಮದಿಂದ ಬೆಳ್ಳಗಾಗಿತ್ತು. ಆ ಏಳು ಕಲ್ಲುಗಳು ಮಾತ್ರ ಒಣಗಿದ್ದವು. ಮುಟ್ಟಿ ನೋಡಿದೆ, ಬೆಚ್ಚಗಿದ್ದವು. ಬೇರು ಹೆಣೆದುಕೊಂಡಿದ್ದರಿಂದ ಒಂದೊಂದನ್ನು ಎತ್ತಲು ನಾಲ್ಕು ಜನ ಬೇಕಾಯಿತು.

"ಹೂತ ದಿನದಿಂದ ಇವನ್ನ ಯಾರೂ ಕದಲಿಸಿಲ್ಲಮ್ಮ," ಅಂದ ಕೆಲಸದವನೊಬ್ಬ.

ಶವಪೆಟ್ಟಿಗೆಗೆ ಹೊಡೆದಿದ್ದ ಮರದ ಮೊಳೆಗಳೂ ಬಿಗಿಯಾಗಿಯೇ ಇದ್ದವು. ಮುಚ್ಚಳ ತೆಗೆದರು. ಒಳಗೆ, ಹೆಣಕ್ಕೆ ಹೊದಿಸಿದ್ದ ಬಟ್ಟೆ ಒಪ್ಪವಾಗಿ ಮಡಿಚಿಟ್ಟಿತ್ತು. ಬೇರೇನೂ ಇರಲಿಲ್ಲ.

"ಈಗ ಯಾರನ್ನ ಸಾಗಿಸೋದು?" ಅಂದ ಅವನು. ಅತ್ತೆ ಬಟ್ಟೆಯನ್ನು ಎದೆಗವಚಿಕೊಂಡಳು.

ಅದನ್ನೇ ಚರ್ಚಿನ ಹಿಂದೆ ಹೂತೆವು. ಕೆಜಾಯಾಳ ಹೆಸರಿನ ಕಲ್ಲೂ ನಿಂತಿದೆ. ಸತ್ತ ವರ್ಷವನ್ನು ಕೆತ್ತಲು ಅತ್ತೆ ಇವತ್ತಿಗೂ ಬಿಟ್ಟಿಲ್ಲ.